ಸಹಿ ಹಾಕದವರ ರಸ್ತೆ

ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ

ಬೈಕ್ ಜೋರಾಗಿ ಓಡಿಸುವ ಹುಡುಗನಿಗೆ ನಮ್ಮ ಊರಿನಲ್ಲಿ ಸಿಗುವುದು ಎರಡೇ: ದೊಡ್ಡವರ ಬೈಗುಳ ಮತ್ತು ಗೆಳೆಯರ ಚಪ್ಪಾಳೆ. ಬೈಯುವವರು ಬೈದು ಹೋಗುತ್ತಾರೆ. ಚಪ್ಪಾಳೆ ತಟ್ಟುವವರು ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾರೆ. ಆ ಹುಡುಗನಿಗೆ ಇರುವ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡುವುದಿಲ್ಲ. ನನಗೆ ಬೈಕ್ ಇಷ್ಟ, ಅದನ್ನು ಸರಿಯಾಗಿ ಎಲ್ಲಿ ಕಲಿಯಲಿ ಎಂಬುದು ಅವನ ಪ್ರಶ್ನೆ.

ನಾನು ಹೋದ ಸೀಸನ್‌ನಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕ್‌ನಲ್ಲಿ ಹೊಸಬರ ರೇಸ್ ಒಂದರಲ್ಲಿ ಓಡಿಸಿದೆ. 20 ಜನರಲ್ಲಿ 14ನೆಯವನಾಗಿ ಬಂದೆ. ಹೆಮ್ಮೆಪಡುವಂಥ ಸ್ಥಾನವೇನಲ್ಲ. ಆದರೆ ಅಲ್ಲಿಂದ ಬಂದ ಮೇಲೆ ಮಾಗಡಿ ರಸ್ತೆಯನ್ನು ನಾನು ನೋಡುವ ರೀತಿ ಬದಲಾಗಿದೆ. ರೇಸ್‌ಗೂ ರಸ್ತೆಗೂ ಇರುವ ವ್ಯತ್ಯಾಸ ವೇಗದ್ದು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ವ್ಯತ್ಯಾಸ ಇರುವುದು ಒಂದು ಸಹಿಯಲ್ಲಿ. ಅದನ್ನೇ ಹೇಳಲು ಈ ಲೇಖನ.

ಮೊದಲು ನಮ್ಮ ಸುತ್ತ ಏನಾಗಿದೆ ನೋಡೋಣ. ಕೆಂಗೇರಿ ಕಡೆಯವರಿಗೆ ನೈಸ್ ರಸ್ತೆ ಗೊತ್ತು. 2022ರ ಜನವರಿಯಿಂದ ಅಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೊಗಳನ್ನು ನಿಲ್ಲಿಸಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಶಬ್-ಎ-ಬರಾತ್ ರಾತ್ರಿ ವ್ಹೀಲಿಂಗ್ ತಡೆಯಲು ಸಂಚಾರ ಪೊಲೀಸರು ನಗರದ ಮೇಲ್ಸೇತುವೆಗಳನ್ನೇ ಮುಚ್ಚುತ್ತಾರೆ. ಇದು ನಮಗೆ ನಾಚಿಕೆಯಾಗಬೇಕಾದ ವಿಷಯ. ಮಸೀದಿಯಲ್ಲಿ ಎಚ್ಚರವಿದ್ದು ದುಆ ಮಾಡುವ ರಾತ್ರಿ, ಖಬ್ರಸ್ತಾನಕ್ಕೆ ಹೋಗಿ ನಮ್ಮವರನ್ನು ನೆನೆಯುವ ರಾತ್ರಿ, ಇಡೀ ಊರಿಗೆ ಬ್ಯಾರಿಕೇಡ್ ರಾತ್ರಿಯಾಗಿ ನೆನಪಿನಲ್ಲಿ ಉಳಿಯುತ್ತಿದೆ. ಹಾಗೆ ಮಾಡುವವರು ಬೆರಳೆಣಿಕೆಯ ಹುಡುಗರು. ಹೆಸರು ಕೆಡುವುದು ಎಲ್ಲರದ್ದು. ಮರುದಿನ ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕೆ ಹೋಗುವ ಟೋಪಿ–ಗಡ್ಡದ ಯಾವುದೋ ಚಾಚಾನನ್ನೂ ಜನ ಅದೇ ಕಣ್ಣಿನಿಂದ ನೋಡುತ್ತಾರೆ.

ಮುಚ್ಚಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆ ರಾತ್ರಿ ಮೇಲ್ಸೇತುವೆ ಮುಚ್ಚದಿದ್ದರೆ ಯಾರದ್ದಾದರೂ ಮನೆಗೆ ಕೆಟ್ಟ ಸುದ್ದಿ ಬರಬಹುದು. ನನ್ನ ದೂರು ಬೇರೆ. ಇಷ್ಟು ಬಾಗಿಲು ಮುಚ್ಚಿದ ನಾವು ಒಂದನ್ನಾದರೂ ತೆರೆದಿದ್ದೇವೆಯೇ?

ನನಗೆ ಒಂದು ಬಾಗಿಲು ತೆರೆದವರು ನನ್ನ ಮಾಮು. ಕಾಮಾಕ್ಷಿಪಾಳ್ಯದಲ್ಲಿ ಅವರದು ಚಿಕ್ಕ ಗ್ಯಾರೇಜ್. ಎಂಟನೇ ಕ್ಲಾಸಿನಿಂದ ರಜಾ ದಿನಗಳಲ್ಲಿ ಅಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕಥೆ, ಅದು 1996ರಲ್ಲಿ ಮುಚ್ಚಿದ ಮೇಲೂ ಯೆಜ್ಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುವ ಮುದುಕರ ಕಥೆ, ಚೆನ್ನೈ ಬಳಿಯ ಶೋಳಾವರಂನ ಹಳೆಯ ಯುದ್ಧಕಾಲದ ವಿಮಾನ ಪಟ್ಟಿಯಲ್ಲಿ ನಡೆಯುತ್ತಿದ್ದ ರೇಸ್‌ಗಳ ಕಥೆ, ಎಲ್ಲ ಕೇಳಿದ್ದು ಅಲ್ಲೇ. ಆದರೆ ಗ್ಯಾರೇಜಿನ ಬೈಕನ್ನು ರಸ್ತೆಗೆ ಇಳಿಸಲು ಮಾಮು ಒಂದು ದಿನವೂ ಬಿಡಲಿಲ್ಲ. ಲೈಸೆನ್ಸ್ ಬರುವವರೆಗೆ ಬೈಕಿನ ಪಕ್ಕದಲ್ಲಿ ನಡಿ, ಮೇಲೆ ಕೂರಬೇಡ ಎನ್ನುತ್ತಿದ್ದರು. ನನ್ನ ಹುಚ್ಚು ಬಿಡುವುದಿಲ್ಲ ಎಂದು ಗೊತ್ತಾದಾಗ ನಗರದ ಹೊರಗಿನ ಗೋ-ಕಾರ್ಟ್ ಟ್ರ್ಯಾಕ್‌ನಲ್ಲಿ ನಡೆಯುವ ತರಬೇತಿಗೆ ಅವರೇ ದುಡ್ಡು ಕಟ್ಟಿದರು. ಆಮೇಲೆ ರೇಸ್ ಲೈಸೆನ್ಸ್‌ಗೆ ಬೇಕಾದ ತರಬೇತಿ. ಭಾರತದಲ್ಲಿ ಈ ಲೈಸೆನ್ಸ್ ಕೊಡುವುದು ಎಫ್‌ಎಂಎಸ್‌ಸಿಐ ಎಂಬ ಒಕ್ಕೂಟ. ಆರ್‌ಟಿಒ ಕೊಡುವ ಲೈಸೆನ್ಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಅರ್ಜಿಯ ಜೊತೆ ಒಂದು ಒಪ್ಪಿಗೆ ಪತ್ರ ಇರುತ್ತದೆ. ಮೋಟಾರ್ ಸ್ಪೋರ್ಟ್ ಅಪಾಯಕಾರಿ, ಗಾಯವಾಗಬಹುದು, ಸಾವೂ ಬರಬಹುದು, ಇದು ತಿಳಿದೇ ಭಾಗವಹಿಸುತ್ತಿದ್ದೇನೆ ಎಂಬ ಅರ್ಥದ ಪತ್ರ. ನನಗೆ ಇನ್ನೂ 18 ಆಗಿಲ್ಲದ್ದರಿಂದ ತಂದೆಯ ಸಹಿಯೂ ಬೇಕಿತ್ತು. ಅಬ್ಬಾ 20 ವರ್ಷಗಳಿಂದ ವಿಜಯನಗರ, ರಾಜಾಜಿನಗರ ಕಡೆ ಆಟೊ ಓಡಿಸುತ್ತಾರೆ. ಪತ್ರವನ್ನು ಎರಡು ಸಲ ಓದಿಸಿ ಕೇಳಿದರು. ಹತ್ತು ದಿನ ಸಹಿ ಹಾಕಲಿಲ್ಲ. ಅಮ್ಮಿ ಅಂತೂ ಆ ವಿಷಯವನ್ನೇ ಎತ್ತಬೇಡ ಎಂದುಬಿಟ್ಟರು. ಹನ್ನೊಂದನೇ ದಿನ ಅಬ್ಬಾ ಕೇಳಿದ ಪ್ರಶ್ನೆ ಒಂದೇ.

“ಅಲ್ಲಿ ಎದುರಿನಿಂದ ಯಾರೂ ಬರೋದಿಲ್ಲ ತಾನೆ?”

“ಇಲ್ಲ ಅಬ್ಬಾ. ಎಲ್ಲರೂ ಒಂದೇ ಕಡೆ ಹೋಗ್ತಾರೆ.”

“ಅಡ್ಡ?”

“ಅಡ್ಡನೂ ಯಾರೂ ಬರಲ್ಲ.”

“ಹಾಗಾದ್ರೆ ನಾನು ಓಡಿಸೋ ರಸ್ತೆಗಿಂತ ವಾಸಿ” ಎಂದು ಸಹಿ ಹಾಕಿದರು.

ಅವರು ಅರ್ಧ ತಮಾಷೆಗೆ ಹೇಳಿದ್ದು. ನನಗೆ ಅದರ ಪೂರ್ತಿ ಅರ್ಥವಾದದ್ದು ಟ್ರ್ಯಾಕ್‌ಗೆ ಹೋದ ಮೇಲೆ.

ಶ್ರೀಪೆರಂಬುದೂರು ಹತ್ತಿರದ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರ. 1990ರಲ್ಲಿ ಶುರುವಾದ ಟ್ರ್ಯಾಕ್. ಒಂದು ಸುತ್ತು 3.717 ಕಿ.ಮೀ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಬೈಕ್ ರೇಸ್‌ಗಳು ಹೆಚ್ಚಾಗಿ ನಡೆಯುವುದು ಅಲ್ಲಿ. ಅದರಲ್ಲಿ ಹೊಸಬರಿಗೆ ಬೇರೆ ವಿಭಾಗ, ಹುಡುಗಿಯರಿಗೆ ಬೇರೆ ವಿಭಾಗ ಇದೆ. ಎರಡರಲ್ಲೂ 165 ಸಿಸಿವರೆಗಿನ ಬೈಕ್‌ಗಳು, ಅಂದರೆ ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವಂಥವೇ.

ಹೊಸಬನಿಗೆ ಅಲ್ಲಿ ಮೊದಲು ಕಲಿಸುವುದು ಓಡಿಸುವುದನ್ನಲ್ಲ. ಮೊದಲ ಬೆಳಗ್ಗೆ ಪೂರ್ತಿ ಬಾವುಟಗಳ ಪಾಠ. ಹಳದಿ ಬಾವುಟ ಆಡಿಸಿದರೆ ಮುಂದೆ ಅಪಾಯವಿದೆ, ಓವರ್‌ಟೇಕ್ ಮಾಡಬಾರದು. ಹಳದಿಯಲ್ಲಿ ಕೆಂಪು ಪಟ್ಟೆ ಇದ್ದರೆ ಟ್ರ್ಯಾಕ್ ಜಾರುತ್ತಿದೆ. ನೀಲಿ ಎಂದರೆ ಹಿಂದಿನಿಂದ ನಿನಗಿಂತ ವೇಗದವನು ಬರುತ್ತಿದ್ದಾನೆ. ಕಪ್ಪು ಬಾವುಟದ ಜೊತೆ ನಿನ್ನ ನಂಬರ್ ತೋರಿಸಿದರೆ ಪಿಟ್‌ಗೆ ಬಾ ಎಂದರ್ಥ. ಕೆಂಪು ಎಂದರೆ ರೇಸ್ ನಿಂತಿತು. ಇದಾದ ಮೇಲೆ ಬೈಕಿನ ತಪಾಸಣೆ. ಕನ್ನಡಿ, ಇಂಡಿಕೇಟರ್, ಸ್ಟ್ಯಾಂಡ್ ಎಲ್ಲ ಬಿಚ್ಚಿರಬೇಕು. ಇಂಜಿನ್ ಆಯಿಲ್‌ನ ಬೋಲ್ಟ್ ಬಿಚ್ಚಿಕೊಳ್ಳದಂತೆ ತಂತಿಯಿಂದ ಬಿಗಿದಿರಬೇಕು, ಏಕೆಂದರೆ ನಿನ್ನ ಬೈಕಿನಿಂದ ಬಿದ್ದ ಆಯಿಲ್ ಮೇಲೆ ಜಾರುವುದು ನಿನ್ನ ಹಿಂದಿನವನು. ಹೆಲ್ಮೆಟ್, ಚರ್ಮದ ಸೂಟ್, ಗ್ಲೌಸ್, ಬೂಟ್, ಬೆನ್ನಿನ ರಕ್ಷಾಕವಚ, ಒಂದು ಕಡಿಮೆಯಿದ್ದರೂ ಒಳಗೆ ಬಿಡುವುದಿಲ್ಲ. ನಮ್ಮ ಕಡೆ ಕನ್ನಡಿ ಬಿಚ್ಚುವುದು, ಸೈಲೆನ್ಸರ್ ಬದಲಿಸುವುದು ರೇಸರ್ ಆಗುವ ಮೊದಲ ಹೆಜ್ಜೆ ಎಂದುಕೊಂಡಿದ್ದಾರೆ. ಅಲ್ಲಿ ಕನ್ನಡಿ ಬಿಚ್ಚುವುದು ಬಿದ್ದಾಗ ಒಡೆದು ಯಾರಿಗೂ ಚುಚ್ಚದಿರಲಿ ಎಂದು. ಹಿಂದೆ ನೋಡುವ ಕೆಲಸವನ್ನು ಬಾವುಟ ಹಿಡಿದ ಮಾರ್ಷಲ್ ಮಾಡುತ್ತಾರೆ. ನಾಗರಬಾವಿ ರಿಂಗ್ ರಸ್ತೆಯಲ್ಲಿ ಕನ್ನಡಿ ಬಿಚ್ಚಿದವನ ಹಿಂದೆ ಯಾವ ಮಾರ್ಷಲ್ ಇದ್ದಾರೆ?

ಮೊದಲ ದಿನ ನನ್ನ ಸುತ್ತಿನ ಸಮಯ 2 ನಿಮಿಷ 31 ಸೆಕೆಂಡ್. ಎರಡು ದಿನ ಕಳೆದ ಮೇಲೆ 2 ನಿಮಿಷ 18 ಸೆಕೆಂಡ್‌ಗೆ ಬಂತು. ಆ 13 ಸೆಕೆಂಡ್ ಉಳಿದದ್ದು ಆಕ್ಸಿಲರೇಟರ್‌ನಿಂದಲ್ಲ. ನೇರ ದಾರಿಯಲ್ಲಿ ಯಾರು ಬೇಕಾದರೂ ಕೈ ತಿರುಗಿಸಬಹುದು, ಎಲ್ಲರ ಬೈಕೂ ಹೆಚ್ಚುಕಡಿಮೆ ಒಂದೇ ವೇಗಕ್ಕೆ ಬಂದು ನಿಲ್ಲುತ್ತದೆ. ಉಳಿದದ್ದು ಬ್ರೇಕ್ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು, ತಿರುವಿಗೆ ಮೊದಲೇ ಎಲ್ಲಿ ನೋಡಬೇಕು ಎಂದು ಕಲಿತದ್ದರಿಂದ. ನಮ್ಮ ಫಿಸಿಕ್ಸ್ ಪುಸ್ತಕದ ಪಾಠ ಅಲ್ಲಿ ಮೈಗೆ ತಾಗುತ್ತದೆ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟು. ಒಳ್ಳೆಯ ಬ್ರೇಕ್ ಸೆಕೆಂಡಿಗೆ 7 ಮೀ./ಸೆ.ನಷ್ಟು ವೇಗ ಇಳಿಸುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದರೆ ಬ್ರೇಕ್ ಹಿಡಿದ ಮೇಲೆ ಸುಮಾರು 9 ಮೀಟರ್‌ನಲ್ಲಿ ನಿಲ್ಲುತ್ತೀರಿ. 80 ಕಿ.ಮೀ. ಆದರೆ ಸುಮಾರು 35 ಮೀಟರ್ ಬೇಕು. ಅಪಾಯ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲೇ ಇನ್ನೊಂದು 22 ಮೀಟರ್ ಹೋಗಿರುತ್ತೀರಿ. ಒಟ್ಟು 57 ಮೀಟರ್. ಬಸವೇಶ್ವರನಗರದ ಯಾವ ಅಡ್ಡರಸ್ತೆಯಲ್ಲಿ 57 ಮೀಟರ್ ಖಾಲಿ ಇರುತ್ತದೆ, ಹೇಳಿ. ಅಷ್ಟರೊಳಗೆ ಒಂದು ಹಸು, ಒಂದು ತಳ್ಳುಗಾಡಿ, ಟ್ಯೂಷನ್ ಮುಗಿಸಿ ಸೈಕಲ್ ಮೇಲೆ ಬರುವ ಇಬ್ಬರು ಮಕ್ಕಳು ಇದ್ದೇ ಇರುತ್ತಾರೆ.

ರೇಸ್ ದಿನ ನನ್ನ ಜಾಗ ಗ್ರಿಡ್‌ನಲ್ಲಿ 16ನೆಯದು. ಕೆಂಪು ದೀಪಗಳು ಆರಿದವು. ಮೊದಲ ತಿರುವಿಗೆ ಹೋಗುವಷ್ಟರಲ್ಲಿ ಮೂವರು ನನ್ನನ್ನು ದಾಟಿದ್ದರು. ಎರಡನೇ ಸುತ್ತಿನಲ್ಲಿ ಮುಂದೆ ಒಬ್ಬ ಹುಡುಗ ಜಾರಿ ಬಿದ್ದ. ಬೈಕ್ ಟ್ರ್ಯಾಕ್ ಮಧ್ಯೆ ನಿಂತಿತು. ತಕ್ಷಣ ಎಲ್ಲ ಮಾರ್ಷಲ್ ಪೋಸ್ಟ್‌ಗಳಲ್ಲೂ ಕೆಂಪು ಬಾವುಟ. ಆಗ ನಡೆದದ್ದನ್ನು ನಾನು ಮರೆಯುವುದಿಲ್ಲ. ಮುಂದೆ ಇದ್ದವನು, ಗೆಲ್ಲುವ ಆಸೆ ಇದ್ದವನು, ಊರಿನಿಂದ ಸಾಲ ಮಾಡಿ ಬಂದವನು, ಎಲ್ಲರೂ ಕೈ ಎತ್ತಿ ವೇಗ ಇಳಿಸಿದರು. ಯಾರೂ ಹಾರ್ನ್ ಹೊಡೆಯಲಿಲ್ಲ, ಸಂದಿಯಲ್ಲಿ ನುಗ್ಗಲಿಲ್ಲ, ‘ನನ್ನದೇನು ತಪ್ಪು’ ಎನ್ನಲಿಲ್ಲ. ಒಬ್ಬರ ಹಿಂದೆ ಒಬ್ಬರು ಪಿಟ್‌ಗೆ ಬಂದೆವು. ಡಾಕ್ಟರು, ಆಂಬುಲೆನ್ಸ್ ಆಗಲೇ ಅವನ ಬಳಿ ಇದ್ದರು. ಭುಜದ ಮೂಳೆಗೆ ಪೆಟ್ಟಾಗಿತ್ತು. ಎದ್ದು ನಡೆದೇ ಹೋದ. ಟ್ರ್ಯಾಕ್ ಗುಡಿಸಿ, ಮತ್ತೆ ಸಾಲಾಗಿ ನಿಲ್ಲಿಸಿ, ಮತ್ತೆ ದೀಪ ಆರಿಸಿದರು. ನಾನು 14ನೆಯವನಾದದ್ದು ಆ ಎರಡನೇ ಓಟದಲ್ಲಿ.

ಸುಮನಹಳ್ಳಿ ಸಿಗ್ನಲ್‌ನಲ್ಲಿ ಕೆಂಪು ದೀಪ ಬಿದ್ದಾಗ ಎಷ್ಟು ಜನ ಹಾಗೆ ನಿಲ್ಲುತ್ತಾರೆ ಎಂದು ಆಮೇಲೆ ಯೋಚಿಸಿದೆ. ರೇಸರ್ ಎಂದರೆ ಯಾರ ಮಾತೂ ಕೇಳದವನು ಎಂದು ನಾವು ತಿಳಿದಿದ್ದೇವೆ. ಅಲ್ಲಿ ಕಂಡದ್ದು ತದ್ವಿರುದ್ಧ. ಒಂದು ತುಂಡು ಬಟ್ಟೆಯ ಮಾತಿಗೆ 20 ಜನ ತಮ್ಮ ಆಸೆಯನ್ನು ಅರ್ಧದಲ್ಲಿ ನಿಲ್ಲಿಸಿದರು.

ಟ್ರ್ಯಾಕ್‌ನಲ್ಲಿ ಅಪಾಯವೇ ಇಲ್ಲ ಎಂದು ನಾನು ಹೇಳಿದರೆ ಅದು ಸುಳ್ಳು. 2023ರ ಆಗಸ್ಟ್ 5ರಂದು ಇದೇ ಟ್ರ್ಯಾಕ್‌ನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಹೊಸಬರ ರೇಸ್‌ನಲ್ಲಿ, ನಮ್ಮ ಬೆಂಗಳೂರಿನ ಶ್ರೇಯಸ್ ಹರೀಶ್ ಬಿದ್ದು ತೀರಿಕೊಂಡ. ಅವನಿಗೆ 13 ವರ್ಷ. ನಮಗಿಂತ ಚಿಕ್ಕವನು, ನಮಗಿಂತ ಎಷ್ಟೋ ಚೆನ್ನಾಗಿ ಓಡಿಸುತ್ತಿದ್ದವನು. ಅದೇ ವರ್ಷದ ಜನವರಿಯಲ್ಲಿ ಅನುಭವಿ ಕಾರ್ ರೇಸರ್ ಕೆ. ಇ. ಕುಮಾರ್ ಕೂಡ ಅಲ್ಲೇ ಪ್ರಾಣ ಕಳೆದುಕೊಂಡರು. ಆ ಮಗುವಿನ ಮನೆಯವರ ದುಃಖದ ಮುಂದೆ ನಾನು ಯಾವ ವಾದವನ್ನೂ ಇಡಲಾರೆ. ಅಷ್ಟು ಚಿಕ್ಕ ವಯಸ್ಸಿನವರು ಎಷ್ಟು ದೊಡ್ಡ ಬೈಕ್ ಓಡಿಸಬೇಕು ಎಂಬ ಪ್ರಶ್ನೆಯನ್ನು ಈ ಕ್ರೀಡೆ ನಡೆಸುವವರು ಪ್ರತಿ ವರ್ಷವೂ ಕೇಳಿಕೊಳ್ಳಬೇಕು. ಆದರೆ ಅಲ್ಲಿಗೆ ಇಳಿದ ಪ್ರತಿಯೊಬ್ಬರೂ, ಅವರ ಹೆತ್ತವರೂ, ಅಪಾಯವನ್ನು ಓದಿ ತಿಳಿದು ಸಹಿ ಹಾಕಿರುತ್ತಾರೆ. ನನ್ನ ಪಕ್ಕ ಓಡುತ್ತಿದ್ದ 19 ಜನರೂ ಹಾಕಿದ್ದರು.

ಮಾಗಡಿ ರಸ್ತೆಯಲ್ಲಿ ಯಾರು ಸಹಿ ಹಾಕಿದ್ದಾರೆ? ಹೊಸಹಳ್ಳಿ ಮೆಟ್ರೊದಿಂದ ಇಳಿದು ತರಕಾರಿ ಚೀಲ ಹಿಡಿದು ರಸ್ತೆ ದಾಟುವ ಅಜ್ಜಿ ಹಾಕಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬರುವವರು ಹಾಕಿಲ್ಲ. ಆಟೊದಲ್ಲಿ ಕುಳಿತ ನನ್ನ ಅಬ್ಬಾ ಹಾಕಿಲ್ಲ. ಹಿಂದೆ ಕೂರಿಸಿಕೊಂಡ ಗೆಳೆಯನೂ ಹಾಕಿಲ್ಲ, ಅವನು ಬರೀ ಟೀ ಕುಡಿಯಲು ಬಂದವನು. ರಸ್ತೆಯಲ್ಲಿ ರೇಸ್ ಮಾಡುವವನು ತನ್ನ ಪ್ರಾಣ ಒತ್ತೆ ಇಟ್ಟಿದ್ದೇನೆ ಎಂದು ಧೈರ್ಯದ ಮಾತಾಡುತ್ತಾನೆ. ನಿಜವಾಗಿ ಅವನು ಒತ್ತೆ ಇಟ್ಟಿರುವುದು ಕೇಳದೇ ತೆಗೆದುಕೊಂಡ ಬೇರೆಯವರ ಪ್ರಾಣ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 74,897 ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಕಾನೂನು ಕೂಡ ಇದನ್ನು ಲಘುವಾಗಿ ನೋಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಇನ್ನೂ ಕಠಿಣ. 18 ತುಂಬದವರು ವಾಹನ ಓಡಿಸಿ ಅಪರಾಧ ಮಾಡಿದರೆ ತಂದೆತಾಯಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದವನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಅಂದರೆ ಮಗ ರಸ್ತೆಯಲ್ಲಿ ಆಡಿದ ಆಟಕ್ಕೆ ತಂದೆ ಜೈಲಿಗೆ ಹೋಗಬಹುದು. ಅದಕ್ಕೂ ಅವರು ಸಹಿ ಹಾಕಿರುವುದಿಲ್ಲ.

ನನ್ನ ಮಾತಿಗೆ ಮೂರು ಆಕ್ಷೇಪ ಬಂದಿವೆ. ಮೊದಲನೆಯದು ನಮ್ಮ ಬೀದಿಯ ಹಿರಿಯರೊಬ್ಬರದ್ದು: ದೇಹ ಅಲ್ಲಾಹನ ಅಮಾನತ್, ಅದನ್ನು ಹೀಗೆ ಅಪಾಯಕ್ಕೆ ಒಡ್ಡಬಹುದೇ? ಅವರ ಕಾಳಜಿಯನ್ನು ಗೌರವಿಸುತ್ತೇನೆ. ಹೆಲ್ಮೆಟ್ ಇಲ್ಲದೆ ಅಂಗಡಿಗೆ ಹೋಗುವವರಿಗೂ ಆ ಮಾತು ಅನ್ವಯಿಸುತ್ತದೆ ಎಂದಷ್ಟೇ ಹೇಳಬಲ್ಲೆ. ಪ್ರವಾದಿಯವರ (ಸ) ಕಾಲದಲ್ಲಿ ಕುದುರೆ ಓಟದ ಸ್ಪರ್ಧೆ ನಡೆದದ್ದನ್ನು ಇಬ್ನ್ ಉಮರ್ ಅವರು ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ತರಬೇತಿ ಪಡೆದ ಕುದುರೆಗಳಿಗೆ ಐದಾರು ಮೈಲಿಯ ಓಟ, ತರಬೇತಿ ಇಲ್ಲದವಕ್ಕೆ ಸುಮಾರು ಒಂದು ಮೈಲಿಯ ಬೇರೆ ಓಟ. ಸ್ಪರ್ಧೆ ಇತ್ತು. ಎಲ್ಲಿಂದ ಎಲ್ಲಿಯವರೆಗೆ ಎಂಬ ಗಡಿ ಇತ್ತು. ಪಳಗಿದವಕ್ಕೊಂದು, ಹೊಸದಕ್ಕೊಂದು ಎಂಬ ಎಚ್ಚರವೂ ಇತ್ತು. ನಾನು ಕೇಳುತ್ತಿರುವುದು ಅಷ್ಟನ್ನೇ.

ಎರಡನೆಯದು, ಟ್ರ್ಯಾಕ್‌ನಲ್ಲಿ ಓಡಿಸಿದವನು ರಸ್ತೆಯಲ್ಲಿ ಇನ್ನೂ ಜೋರಾಗಿ ಓಡಿಸುತ್ತಾನೆ ಎಂಬ ಭಯ. ಎಲ್ಲರ ಪರವಾಗಿ ನಾನು ಮಾತು ಕೊಡಲಾರೆ. ನನ್ನ ಮಟ್ಟಿಗೆ, ನೇರ ದಾರಿಯಲ್ಲಿ ಗಂಟೆಗೆ 110 ಕಿ.ಮೀ. ಮುಟ್ಟಿದ ನಾನು ದಿನವೂ ಕಾಲೇಜಿಗೆ ಬರುವುದು ಮೆಟ್ರೊದಲ್ಲಿ. ಲೈಸೆನ್ಸ್ ಬಂದ ಮೇಲೂ ವೆಸ್ಟ್ ಆಫ್ ಕಾರ್ಡ್ ರಸ್ತೆಯಲ್ಲಿ 40 ದಾಟುವ ಆಸೆ ನನಗಿಲ್ಲ. ಆ ಹಸಿವು ತೀರುವ ಜಾಗ ಬೇರೆ ಎಂದು ಮೈಗೆ ಗೊತ್ತಾಗಿದೆ.

ಮೂರನೆಯದು ಅತ್ಯಂತ ನಿಜವಾದ ಆಕ್ಷೇಪ: ಇದು ದುಡ್ಡಿದ್ದವರ ಆಟ. ಹೌದು. ನನ್ನ ಸೂಟ್ ಬಾಡಿಗೆಯದು. ಬೂಟ್ ಮಾಮುವಿನ ಗಿರಾಕಿಯೊಬ್ಬರದ್ದು, ಎರಡು ಜೊತೆ ಸಾಕ್ಸ್ ಹಾಕಿಕೊಂಡೆ. ತರಬೇತಿ, ಎಂಟ್ರಿ ಫೀ, ಟಯರ್, ಪ್ರಯಾಣ ಎಲ್ಲ ಸೇರಿದರೆ ನಮ್ಮಂಥ ಮನೆಯ ಹಲವು ತಿಂಗಳ ಬಾಡಿಗೆ. ಮುಂದಿನ ಸೀಸನ್ ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರ್ತಿಗೊಳಿಸಿದ ಮೊದಲ ಭಾರತೀಯ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನ್‌ನಲ್ಲಿ ಬಿದ್ದು ತೀವ್ರ ಗಾಯಗೊಂಡವರು, 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನೇ ಗೆದ್ದರು. ಡ್ರ್ಯಾಗ್ ರೇಸ್‌ನಲ್ಲಿ ಹೇಮಂತ್ ಮುದ್ದಪ್ಪ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್. ಇಷ್ಟಿದ್ದೂ ರಾಷ್ಟ್ರೀಯ ಮಟ್ಟದ ರೋಡ್ ರೇಸ್‌ಗೆ ಕರ್ನಾಟಕದ ಹುಡುಗರು ಚೆನ್ನೈಗೋ ಕೊಯಮತ್ತೂರಿಗೋ ಬಸ್ ಹತ್ತಬೇಕು. ದುಡ್ಡಿದ್ದವನು ಹತ್ತುತ್ತಾನೆ. ಇಲ್ಲದವನಿಗೆ ಉಳಿಯುವುದು ರಾತ್ರಿ 12ರ ಮೇಲ್ಸೇತುವೆ.

ಹಾಗಾದರೆ ಏನು ಮಾಡಬಹುದು? ಸರ್ಕಾರ ಟ್ರ್ಯಾಕ್ ಕಟ್ಟಲಿ ಎಂದು ಬರೆಯುವುದು ಸುಲಭ, ಕಟ್ಟಲಿ ಕೂಡ. ಅದಕ್ಕೆ ಕಾಯದೆ ನಮ್ಮ ಕಾಲೇಜಿನಲ್ಲೇ ಆಗುವ ಎರಡು ಕೆಲಸಗಳಿವೆ.

ಒಂದು, ವರ್ಷಕ್ಕೆ ಎರಡು ಭಾನುವಾರ ಕಾಲೇಜು ಮೈದಾನದಲ್ಲಿ ಬ್ರೇಕ್ ಹಿಡಿಯುವ ತರಬೇತಿ. ಎಲ್‌ಎಲ್‌ಆರ್ ಅಥವಾ ಲೈಸೆನ್ಸ್ ಇರುವ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೂ ಸಹ. ಒಬ್ಬ ಒಳ್ಳೆಯ ತರಬೇತುದಾರ, ಹತ್ತು ಪ್ಲಾಸ್ಟಿಕ್ ಕೋನ್, ಒಂದು ಅಳತೆ ಟೇಪ್ ಸಾಕು. 30 ಕಿ.ಮೀ. ವೇಗದಲ್ಲಿ ತಾನು ಎಲ್ಲಿ ನಿಲ್ಲುತ್ತೇನೆ ಎಂದು ಒಮ್ಮೆ ಅಳೆದು ನೋಡಿದವನು 80ರಲ್ಲಿ ಹೋಗುವ ಮೊದಲು ಯೋಚಿಸುತ್ತಾನೆ. ಹುಡುಗಿಯರೂ ಬರಬೇಕು. ಸ್ಕೂಟರ್ ಓಡಿಸುವವರು ಅವರಲ್ಲೇ ಜಾಸ್ತಿ.

ಎರಡು, ವ್ಹೀಲಿಂಗ್ ಮಾಡಿ ಸಿಕ್ಕಿಬಿದ್ದ ಹುಡುಗನನ್ನು ಕಾಲೇಜಿನಿಂದ ಹೊರಗೆ ಹಾಕುವ ಬದಲು ಅವನಿಗೆ ಆ ಭಾನುವಾರದ ಕೆಲಸ ಕೊಡಿ. ಹಳದಿ ಬಾವುಟ ಹಿಡಿದು ಬಿಸಿಲಲ್ಲಿ ನಾಲ್ಕು ಗಂಟೆ ನಿಂತು ಬೇರೆಯವರ ಪ್ರಾಣ ಕಾಯುವ ಕೆಲಸ.

ಗೆಳೆಯರಲ್ಲಿ ಒಂದು ಮಾತು. ನನ್ನ ರೇಸ್ ನೋಡಲು ಬಂದದ್ದು ಮಾಮು ಒಬ್ಬರೇ. ಉಳಿದವರದೂ ಹೆಚ್ಚುಕಡಿಮೆ ಅದೇ ಕಥೆ. ಚಪ್ಪಾಳೆ ಇಲ್ಲದೆಯೂ 20 ಜನ ಪೂರ್ತಿ ಮನಸ್ಸಿಟ್ಟು ಓಡಿಸಿದೆವು. ಮೇಲ್ಸೇತುವೆಯ ಮೇಲಿನ ಆಟ ಹಾಗಲ್ಲ, ಅದು ನಡೆಯುವುದೇ ನಿಮ್ಮ ಮೊಬೈಲ್‌ಗಾಗಿ. ಯಾರಾದರೂ ಮುಂದಿನ ಚಕ್ರ ಎತ್ತಿದಾಗ ದಯವಿಟ್ಟು ವಿಡಿಯೊ ಮಾಡಬೇಡಿ, ಶೇರ್ ಮಾಡಬೇಡಿ. ನೋಡುವವರಿಲ್ಲದಿದ್ದರೆ ಆ ಚಕ್ರ ಬೇಗ ಕೆಳಗಿಳಿಯುತ್ತದೆ.

ಭಾನುವಾರದ ತರಬೇತಿಗಾಗಿ ಪ್ರಾಂಶುಪಾಲರಿಗೆ ಕೊಡಲು ಒಂದು ಮನವಿ ಬರೆದಿದ್ದೇನೆ. ಮುಂದಿನ ಸೋಮವಾರದಿಂದ ಅದು ದೈಹಿಕ ಶಿಕ್ಷಣ ವಿಭಾಗದಲ್ಲಿ ಇರುತ್ತದೆ. ಮಧ್ಯಾಹ್ನ ಝುಹರ್ ನಮಾಜ್ ಆದ ಮೇಲೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಬನ್ನಿ. ಪೂರ್ತಿ ಓದಿ, ಒಪ್ಪಿಗೆಯಾದರೆ ಸಹಿ ಹಾಕಿ.